ಉಡುತಡಿಯ ಮಹಾದೇವಿಯಕ್ಕನ ಚರಿತ್ರೆ

ನಮ್ಮ ಸಭೆಗಳ ಯೌವನಸ್ಥರಲ್ಲಿ ಕಥೆ ಬರೆಯಬೇಕೆಂಬ ಆಶೆಯುಳ್ಳವರು ಕೆಲವರಿದ್ದಾರೆ. ಹಬ್ಬದ ದಿನ ಮಕ್ಕಳಿಂದ ಆಡಿಸುವದಕ್ಕೆ ಒಂದು ಸಂಭಾಷಣೆ, ಆದಿತ್ಯವಾರದ ಶಾಲೆಯಲ್ಲಿ ಹೇಳುವದಕ್ಕೆ ಒಂದು ದೃಷ್ಟಾಂತ, ಮಾಸಪತ್ರಿಕೆಗೆ ಕಳುಹಿಸುವದಕ್ಕೆ ಒಂದು ಸಣ್ಣ ಕಥೆ, ಇಂಥವುಗಳನ್ನು ಬರೆಯಲು ಅವರು ಕುಳಿತುಕೊಳ್ಳುತ್ತಾರೆ. ನಾಲ್ಕು ವಾಕ್ಯಗಳಾದ ಮೇಲೆ ಲೇಖಣಿ ನಿಂತುಹೋಗುತ್ತದೆ. ಆಗ ಅವರು ಮೂರು ದೂರುಗಳನ್ನು ಹೇಳುವದುಂಟು. ತಮ್ಮ ಹಳ್ಳಿಯಲ್ಲಿ ಬರೆಯತಕ್ಕ ಸಂಗತಿ ಏನೂ ನಡೆಯುವದಿಲ್ಲವೆಂಬದು ಮೊದಲನೆಯದು. ತಮ್ಮ ಮನೆಯ ಮಾತು ಪುಸ್ತಕಕ್ಕೆ ತಕ್ಕ ಮಾತಲ್ಲವೆಂಬದು ಎರಡನೆಯದು. ಬರೆದದ್ದನ್ನು ತಿದ್ದಿ ಹೇಳುವವರು ಯಾರೂ ಇಲ್ಲವೆಂಬದು ಮೂರನೆಯದು. ಈ ದೂರುಗಳಿಗೆ ಉತ್ತರವನ್ನು ಹುಡುಕುತ್ತಾ ನಾವು ದೂರದೇಶಕ್ಕೆ ಹೋಗಬೇಕಾಗಿಲ್ಲ. ಶಿಕಾರಿಪುರ ತಾಲೂಕಿನ ಒಂದು ಚಿಕ್ಕ ಗ್ರಾಮದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿದ ಒಬ್ಬ ಸ್ತ್ರೀಯ ಚರಿತ್ರೆಯಲ್ಲಿ ಆ ಮೂರಕ್ಕೂ ಉತ್ತರವಿದೆ. ಆಕೆಯೇ ಅಕ್ಕಮಹಾದೇವಿ. ಆಕೆಯು ಕಥೆಗಳನ್ನು ಬರೆದವಳಲ್ಲ, ವಚನಗಳನ್ನು ನುಡಿದವಳು. ಆದರೂ ಮಾತನ್ನು ಕಟ್ಟುವ ಕೆಲಸವು ಎಲ್ಲಿ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂಬದನ್ನು ಆಕೆಯಿಂದ ಕಲಿಯುವದು ಕಥೆಗಾರನಿಗೂ ಪ್ರಯೋಜನವೇ.

ಆಕೆಯ ಊರಿನ ಹೆಸರು ಉಡುತಡಿ. ಇದು ಶಿರಾಳಕೊಪ್ಪಕ್ಕೂ ಬಳ್ಳಿಗಾವೆಗೂ ಸಮೀಪದಲ್ಲಿರುವ ಗ್ರಾಮ. ಇಂದು ಬಳ್ಳಿಗಾವೆಯು ಒಂದು ಸಾಧಾರಣ ಹಳ್ಳಿಯಾಗಿ ಕಾಣುತ್ತದೆ. ಆ ಕಾಲದಲ್ಲಿಯಾದರೋ ಅದು ಬನವಾಸಿ ನಾಡಿನ ರಾಜಧಾನಿಯೂ ದೊಡ್ಡ ಪಟ್ಟಣವೂ ಆಗಿತ್ತು. ಅಲ್ಲಿಯ ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳು ಇಂದಿಗೂ ನಿಂತಿವೆ. ಅಲ್ಲಿದ್ದ ಕೋಡಿಯಮಠವೆಂಬ ವಿದ್ಯಾಸ್ಥಾನವನ್ನು 1162ನೆಯ ಇಸವಿಯ ಶಾಸನವು ವರ್ಣಿಸುತ್ತದೆ. ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಪುರಾಣಗಳು, ಕಾವ್ಯನಾಟಕಗಳು, ಇವೆಲ್ಲವನ್ನು ಅಲ್ಲಿ ಓದಿಸುತ್ತಿದ್ದರು. ಬಡವರಿಗೂ ಕುಂಟರಿಗೂ ಕುರುಡರಿಗೂ ಅನ್ನವಿಕ್ಕುತ್ತಿದ್ದರು. ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದರು. ಶಿಕಾರಿಪುರ ಸೀಮೆಯ ಇಂಥ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ ಅಚ್ಚುಮಾಡಿಸಿದವರು ಬಿ. ಎಲ್. ರೈಸ್ ಎಂಬವರು, ಸೊರಬದ ಶಾಸನಗಳು 1904ರ ಸಂಪುಟದಲ್ಲಿ ಬಂದವು. ಇವರು ಬೆಂಗಳೂರಿನಲ್ಲಿ ಲಂಡನ್ ಮಿಶನ್ನಿನ ಸೇವೆಯಲ್ಲಿದ್ದ ಬೋಧಕರೊಬ್ಬರ ಮಗನಾಗಿ ಆ ಪಟ್ಟಣದಲ್ಲಿಯೇ ಹುಟ್ಟಿದವರೆಂಬದನ್ನು ನಮ್ಮ ವಾಚಕರು ಸಂತೋಷದಿಂದ ತಿಳಿದುಕೊಳ್ಳುವರು.

ಇಂಥ ಪಟ್ಟಣದ ಮಗ್ಗುಲಲ್ಲಿ, ಶಿವಭಕ್ತರಾದ ತಂದೆತಾಯಿಗಳಿಗೆ ಮಹಾದೇವಿಯು ಹುಟ್ಟಿದಳು. ತಂದೆಯ ಹೆಸರು ನಿರ್ಮಲಶೆಟ್ಟಿ, ತಾಯಿಯ ಹೆಸರು ಸುಮತಿ ಎಂದು ಚಾಮರಸ ಕವಿಯು ಹೇಳುತ್ತಾನೆ. ಬಾಲ್ಯದಲ್ಲಿಯೇ ಆಕೆಗೆ ದೀಕ್ಷೆಯಾಯಿತು. ಅಂದಿನಿಂದ ಆಕೆಯು ಚೆನ್ನಮಲ್ಲಿಕಾರ್ಜುನನೆಂಬ ಹೆಸರಿನಿಂದ ದೇವರನ್ನು ಕರೆಯುತ್ತಾ, ಆತನನ್ನೇ ತನ್ನ ಪತಿಯೆಂದು ಎಣಿಸಿಕೊಂಡಳು. ಮುಂದೆ ಆಕೆಯು ನುಡಿದ ಪ್ರತಿಯೊಂದು ವಚನದ ಅಂಕಿತವೂ ಇದೇ ಹೆಸರು. ಬರೆಯುವವರು ಇದನ್ನು ಸ್ವಲ್ಪ ಗಮನಿಸಬೇಕು. ಎಲ್ಲಿಂದ ಹೊರಟರೂ ಯಾರ ಮುಂದೆ ಹೋಗಿ ನಿಲ್ಲಬೇಕೆಂಬದು ಆಕೆಗೆ ಮೊದಲೇ ಗೊತ್ತಿತ್ತು. ಆದಕಾರಣ ಆಕೆಯ ಮಾತು ದಾರಿತಪ್ಪಿ ಅಲೆಯುವದಿಲ್ಲ. ತಾನು ಯಾರಿಗೆ ಹೇಳುತ್ತಿದ್ದೇನೆಂಬದನ್ನು ತಿಳಿಯದೆ ಬರೆಯುವವನ ಕಥೆಯು ವಿಳಾಸವಿಲ್ಲದ ಕಾಗದದಂತೆ ಯಾರ ಮನೆಗೂ ಮುಟ್ಟುವದಿಲ್ಲ.

ಆಕೆಯು ಪ್ರಾಯಕ್ಕೆ ಬಂದಾಗ ಕೌಶಿಕನೆಂಬ ಅರಸನು ಆಕೆಯ ರೂಪವನ್ನು ಕಂಡು ಮೋಹಗೊಂಡು, ಆಕೆಯನ್ನು ಮದುವೆಯಾಗಬೇಕೆಂದು ಹಟಹಿಡಿದನು. ಅವನು ಆಕೆಯ ಭಕ್ತಿಯಲ್ಲಿ ಪಾಲಿಲ್ಲದವನು. ತಂದೆತಾಯಿಗಳು ಅರಸನ ಭಯದಿಂದ ನಡುಗಿದರು. ಇಲ್ಲಿಂದ ಮುಂದಿನ ಸಂಗತಿಯನ್ನು ಇಬ್ಬರು ದೊಡ್ಡ ಕವಿಗಳು ಎರಡು ವಿಧವಾಗಿ ಹೇಳಿದ್ದಾರೆ. ಆಕೆಯ ಕಾಲಕ್ಕೆ ಹತ್ತಿರದವನಾದ ಹಂಪೆಯ ಹರಿಹರನು ತನ್ನ ರಗಳೆಯಲ್ಲಿ, ಆಕೆಯು ಕೆಲವು ನಿಬಂಧನೆಗಳನ್ನು ಹಾಕಿ ಅರಸನನ್ನು ಮದುವೆಯಾದಳೆಂದೂ, ತನ್ನ ಪೂಜೆಗೂ ಭಕ್ತರ ಸಂಗಕ್ಕೂ ಗುರುವಿನ ಸೇವೆಗೂ ಅಡ್ಡಿಮಾಡಬಾರದೆಂದು ಮಾತು ತೆಗೆದುಕೊಂಡಳೆಂದೂ, ಅವನು ಮೂರು ಸಾರಿ ತಪ್ಪಿನಡೆಯಲು ಅರಮನೆಯನ್ನು ಬಿಟ್ಟು ಹೊರಟಳೆಂದೂ ಹೇಳುತ್ತಾನೆ. ಹದಿನೈದನೆಯ ಶತಮಾನದ ಚಾಮರಸನಾದರೋ ತನ್ನ ಪ್ರಭುಲಿಂಗಲೀಲೆಯಲ್ಲಿ ಮದುವೆಯು ಆಗಲೇ ಇಲ್ಲವೆಂದು ಹೇಳಿ ಆಕೆಯನ್ನು ಹೊರಡಿಸುತ್ತಾನೆ.

ಈ ಭೇದದಲ್ಲಿ ಕಥೆ ಬರೆಯುವವರಿಗೆ ದೊಡ್ಡ ಪಾಠವಿದೆ ಎಂದು ನಾವು ಎಣಿಸುತ್ತೇವೆ. ನಮಗೆ ಪ್ರಿಯರಾದವರ ಚರಿತ್ರೆಯನ್ನು ಹೇಳುವಾಗ ಕಲೆಯೆಂದು ತೋರುವದನ್ನು ಒರಸಿಬಿಡಬೇಕೆಂಬ ಶೋಧನೆ ನಮ್ಮೆಲ್ಲರಿಗೂ ಬರುತ್ತದೆ. ಸಭೆಯ ಹಿರಿಯರೊಬ್ಬರು ತೀರಿಹೋದರೆ ನಾವು ಅವರ ವಿಷಯವಾಗಿ ಬರೆಯುವ ನಾಲ್ಕು ಸಾಲುಗಳಲ್ಲಿ ಅವರ ಕೋಪವಾಗಲಿ, ಸಾಲವಾಗಲಿ, ಮಗನೊಡನೆ ಮಾತುಬಿಟ್ಟ ವರುಷಗಳಾಗಲಿ ಕಾಣಿಸುವದಿಲ್ಲ. ನಾವೂ ಹಾಗೆ ಬರೆದದ್ದುಂಟೆಂದು ಒಪ್ಪಿಕೊಳ್ಳುತ್ತೇವೆ. ಓದುವವರು ಅದನ್ನು ಓದಿ ತಲೆದೂಗುತ್ತಾರೆ, ಮರುದಿನ ಮರೆಯುತ್ತಾರೆ. ಹರಿಹರನಿಗೆ ಮಹಾದೇವಿಯಲ್ಲಿ ಇದ್ದ ಭಕ್ತಿ ಚಾಮರಸನ ಭಕ್ತಿಗಿಂತ ಕಡಿಮೆಯದಲ್ಲ. ಆದರೂ ಆಕೆಯು ಅರಮನೆಯೊಳಗೆ ಹೋಗಿ, ಅಲ್ಲಿ ನೊಂದು, ಅಲ್ಲಿಂದ ಹೊರಗೆ ಬಂದಳೆಂದು ಹೇಳುವದಕ್ಕೆ ಅವನು ಹಿಂಜರಿಯಲಿಲ್ಲ. ಬಾಗಲು ದಾಟಿ ಒಳಗೆ ಹೋದವಳು ಹೊರಗೆ ಬರುವದು ಎಷ್ಟು ಕಠಿಣವೆಂಬದು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ ಚೆನ್ನಾಗಿ ತಿಳಿದದೆ. ಚಾಮರಸನ ಕಾವ್ಯದಲ್ಲಿ ಆಕೆಯ ವೈರಾಗ್ಯವು ಆರಂಭದಿಂದಲೇ ಕಳಂಕವಿಲ್ಲದೆ ಹೊಳೆಯುತ್ತದೆ. ಹರಿಹರನ ರಗಳೆಯಲ್ಲಿ ಅದಕ್ಕೆ ತೆರಬೇಕಾದ ಬೆಲೆಯು ಕಾಣುತ್ತದೆ. ಒಂದೇ ಜೀವಮಾನದಿಂದ ಎರಡು ಕಥೆಗಳು ಹುಟ್ಟುವವು. ಏನನ್ನು ಇಡಬೇಕು, ಏನನ್ನು ಬಿಡಬೇಕೆಂಬ ತೀರ್ಪು ಹೇಳುವವನ ಕೈಯಲ್ಲಿದೆ. ಆ ತೀರ್ಪಿಗೆ ಅವನೇ ಜವಾಬ್ದಾರನು.

ಆಕೆಯು ಒಡವೆವಸ್ತ್ರಗಳನ್ನೂ ಬಿಟ್ಟು, ತನ್ನ ಕೂದಲಿನಿಂದಲೇ ಮೈಮುಚ್ಚಿಕೊಂಡು ಮನೆಯಿಂದ ಹೊರಟಳೆಂದು ಪರಂಪರೆಯು ಹೇಳುತ್ತದೆ. ಉಡುತಡಿಯಿಂದ ಇಂದಿನ ಬಸವಕಲ್ಯಾಣಕ್ಕೆ ನೂರಾರು ಮೈಲಿ. ಒಬ್ಬಂಟಿಗಳಾದ ಯೌವನಸ್ತ್ರೀಗೆ ಆ ದಾರಿಯಲ್ಲಿ ಹಸಿವೂ ಚಳಿಯೂ ಇದ್ದವು. ಅವುಗಳಿಗಿಂತ ಕ್ರೂರವಾದ ಮನುಷ್ಯರ ಕಣ್ಣುಗಳೂ ಇದ್ದವು. ಈ ದಾರಿಯೇ ಆಕೆಯ ಪಾಠಶಾಲೆಯಾಯಿತು. ಆಕೆಯ ವಚನಗಳನ್ನು ಓದುವವರಿಗೆ ಆಕೆಯು ಕಂಡ ಲೋಕವೆಲ್ಲ ಕಾಣುತ್ತದೆ. ತನ್ನ ಬಾಯಿಂದ ಬಂದ ನೂಲಿನಲ್ಲಿಯೇ ಸಿಕ್ಕಿಕೊಂಡು ಸಾಯುವ ರೇಷ್ಮೆಯ ಹುಳು ಅಲ್ಲಿದೆ. ಹಿಂಡನ್ನು ಅಗಲಿ ಸಿಕ್ಕಿಬಿದ್ದು ತನ್ನ ಕಾಡನ್ನು ನೆನಸುವ ಆನೆಯಿದೆ. ಕಡಿದರೂ ತೇಯ್ದರೂ ಪರಿಮಳವನ್ನು ಬಿಡದ ಗಂಧದ ಕೊರಡು, ಗಾಣದಲ್ಲಿ ಅರೆದರೂ ಸಿಹಿಯನ್ನು ಬಿಡದ ಕಬ್ಬು, ಬೆಟ್ಟದ ಮೇಲೆ ಮನೆಮಾಡಿ ಮೃಗಗಳಿಗೆ ಹೆದರುವವನು, ಸಂತೆಯ ನಡುವೆ ಮನೆಮಾಡಿ ಸದ್ದಿಗೆ ನಾಚುವವನು, ಇವರೆಲ್ಲರೂ ಅಲ್ಲಿದ್ದಾರೆ. ಗಿಳಿಯನ್ನೂ ಕೋಗಿಲೆಯನ್ನೂ ದುಂಬಿಯನ್ನೂ ನವಿಲನ್ನೂ ಕರೆದು ತನ್ನ ಒಡೆಯನನ್ನು ಕಂಡಿರಾ ಎಂದು ಆಕೆಯು ವಿಚಾರಿಸುತ್ತಾಳೆ. ಹಸಿವನ್ನೂ ನಿದ್ರೆಯನ್ನೂ ಎದುರಿಗೆ ನಿಂತ ಮನುಷ್ಯರೋ ಎಂಬಂತೆ ಮಾತಾಡಿಸುತ್ತಾಳೆ.

ಸೊರಬ, ಶಿಕಾರಿಪುರಗಳ ವಾಚಕರೇ, ಇವುಗಳಲ್ಲಿ ಎಷ್ಟನ್ನು ನೀವು ನೋಡಿಲ್ಲ? ಗಂಧದ ಮರವು ನಿಮ್ಮ ಕಾಡಿನದೇ. ಆಲೆಮನೆಯ ಹೊಗೆ, ಗದ್ದೆಗೆ ನುಗ್ಗುವ ಮೃಗ, ಶಿರಾಳಕೊಪ್ಪದ ಸಂತೆಯ ಗದ್ದಲ, ಇವು ನಿಮಗೆ ಹೊಸವಲ್ಲ. ಬರೆಯುವದಕ್ಕೆ ವಿಷಯವಿಲ್ಲವೆಂಬ ಮೊದಲನೆಯ ದೂರು ಇಲ್ಲಿಗೆ ಬಿದ್ದುಹೋಗುತ್ತದೆ. ನಮ್ಮ ಕರ್ತನಾದ ಯೇಸುವು ಸಾಮ್ಯಗಳನ್ನು ಹೇಳಿದಾಗಲೂ ಬಿತ್ತುವವನನ್ನೂ ಹುಳಿಹಿಟ್ಟನ್ನೂ ಕಳೆದುಹೋದ ಕುರಿಯನ್ನೂ ತೆಗೆದುಕೊಂಡನಲ್ಲವೇ? ಆದರೆ ಕಣ್ಣಿಗೆ ಬಿದ್ದದ್ದೆಲ್ಲವೂ ವಿಷಯವಾಗಲಾರದು. ಮಹಾದೇವಿಯು ರೇಷ್ಮೆಯ ಹುಳುವನ್ನು ಚಂದವೆಂದು ನೋಡಲಿಲ್ಲ. ಅದರಲ್ಲಿ ತನ್ನ ಮನಸ್ಸು ತಾನೇ ನೆಯ್ದುಕೊಂಡ ಬಲೆಯನ್ನು ಕಂಡಳು. ಹೊರಗಿನ ವಸ್ತುವೊಂದು ಒಳಗಿನ ನೋವೊಂದಕ್ಕೆ ತಾಗಿದಾಗ ಕಿಡಿ ಹಾರುತ್ತದೆ. ಪ್ರೇರಣೆ ಎಂದು ದೊಡ್ಡ ಹೆಸರಿನಿಂದ ಕರೆಯುವದು ಬಹುಮಟ್ಟಿಗೆ ಇದೇ. ಒಳಗೆ ಕೇಳಿಕೊಳ್ಳುವ ಪ್ರಶ್ನೆಯೊಂದು ಇಲ್ಲದವನು ಕಾಡೆಲ್ಲ ತಿರುಗಿದರೂ ಬರಿಗೈಯಿಂದ ಮನೆಗೆ ಬರುವನು.

ಎರಡನೆಯ ದೂರು ಭಾಷೆಯದು. ಬಳ್ಳಿಗಾವೆಯಂಥ ವಿದ್ಯಾಸ್ಥಾನದ ಮಗ್ಗುಲಲ್ಲಿ ಹುಟ್ಟಿದವಳಿಗೆ ಪಂಡಿತರ ಸಂಸ್ಕೃತಪದಗಳ ಧ್ವನಿಯು ಅಪರಿಚಿತವಾಗಿರಲಾರದು; ಆಕೆಯ ವಚನಗಳಲ್ಲಿಯೂ ಅಂಥ ಪದಗಳು ಬೇಕಾದಲ್ಲಿ ಬರುತ್ತವೆ. ಆದರೂ ಆಕೆಯ ವಾಕ್ಯದ ಬೆನ್ನೆಲುಬು ಮನೆಯ ಕನ್ನಡವೇ. ಅವ್ವ, ಅಣ್ಣ, ಗೆಳತಿ ಎಂದು ಕರೆದು, ಎದುರಿಗೆ ಕುಳಿತವರೊಡನೆ ಮಾತಾಡಿದಂತೆ ಆಕೆಯು ನುಡಿಯುತ್ತಾಳೆ. ಛಂದಸ್ಸಿನ ಕಟ್ಟಿಲ್ಲದಿದ್ದರೂ ಆ ನುಡಿಗೆ ಉಸಿರಿನ ಲಯವಿದೆ. ಇದು ಆಕೆಯ ತಿಳಿಗೇಡಿತನದಿಂದ ಆದದ್ದೆಂದು ನೆನಸಬಾರದು. ಯೋಗಾಂಗ ತ್ರಿವಿಧಿ ಎಂಬ ತ್ರಿಪದಿಗಳ ಕೃತಿಯೂ ಆಕೆಯ ಹೆಸರಿನಲ್ಲಿದೆ. ಕಟ್ಟು ಬೇಕಾದಲ್ಲಿ ಕಟ್ಟನ್ನು ಹಿಡಿದು, ಬೇಡವಾದಲ್ಲಿ ಬಿಡುವದು ಕುಶಲಿಯ ಲಕ್ಷಣ.

ಪರದೇಶದಲ್ಲಿಯೂ ಇಂಥ ಸಾಕ್ಷಿಯುಂಟು. ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಸಮೀಪದಲ್ಲಿ ಪಾತ್ರೆಗಳಿಗೆ ಬೆಸುಗೆ ಹಾಕುವ ಕಸಬಿನವನಾದ ಜಾನ್ ಬನ್ಯನ್ ಇದ್ದನು. ಅಪ್ಪಣೆಯಿಲ್ಲದೆ ಬೋಧಿಸಿದ ಕಾರಣ ಅವನನ್ನು 1660ರಲ್ಲಿ ಸೆರೆಗೆ ಹಾಕಿದರು. ಅಲ್ಲಿ ಅವನು ಹನ್ನೆರಡು ವರುಷ ಇರಬೇಕಾಯಿತು. ನಮ್ಮ ಸಭೆಗಳಲ್ಲಿ ಯಾತ್ರಿಕನ ಸಂಚಾರವೆಂದು ಪ್ರಸಿದ್ಧವಾದ ಅವನ ಕಥೆಯು 1678ರಲ್ಲಿ ಅಚ್ಚಾಯಿತು. ಅದರ ಕೆಸರಿನ ದಾರಿ, ಏರುಬೆಟ್ಟ, ಸಂತೆಯ ಬೀದಿ, ಇವೆಲ್ಲವೂ ಗಂಟು ಹೊತ್ತು ಊರೂರು ತಿರುಗುವ ಕಸಬಿನವನಿಗೆ ಪರಿಚಿತವಾದವುಗಳು. ಅದರ ಮಾತು ಬೀದಿಯಲ್ಲಿ ಕೇಳುವ ಮಾತು. ನಮ್ಮ ನಾಡಿಗೆ ಬಂದ ಕಿಟ್ಟೆಲ್ ಪಂಡಿತರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ದೊಡ್ಡ ನಿಘಂಟಿನಲ್ಲಿ ಹಳೆಯ ಕಾವ್ಯಗಳ ಪದಗಳೊಡನೆ ಜನರ ಬಾಯಿಯ ಗಾದೆಗಳನ್ನೂ ಸೇರಿಸಿ ಗೌರವಿಸಿದರು. ಹೀಗಿರಲಾಗಿ, ನಮ್ಮ ಅಜ್ಜಿಯ ಮಾತು ಬರೆಯುವದಕ್ಕೆ ತಕ್ಕದ್ದಲ್ಲವೆಂದು ನಾಚುವದು ಏಕೆ?

ಈಗ ಮೂರನೆಯ ದೂರಿಗೆ ಬರೋಣ. ಮಹಾದೇವಿಯು ಕಲ್ಯಾಣವನ್ನು ಮುಟ್ಟಿದಾಗ ಅಲ್ಲಿ ಬಿಜ್ಜಳನ ಮಂತ್ರಿಯಾದ ಬಸವಣ್ಣನ ಸುತ್ತಲೂ ಶರಣರ ಒಂದು ಕೂಟವಿತ್ತು. ಅನುಭವ ಮಂಟಪವೆಂದು ಪ್ರಸಿದ್ಧವಾದ ಆ ಗೋಷ್ಠಿಯಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಮಾರುವ ಮೋಳಿಗೆ ಮಾರಯ್ಯ ಮೊದಲಾದ ದುಡಿಯುವ ಜನರಿದ್ದರು. ಬಟ್ಟೆಯ ಮಡಿಯೂ ದೋಣಿಯ ಹುಟ್ಟೂ ಅವರ ನುಡಿಗಳೊಳಗೆ ಬಂದವು. ಪ್ರತಿಯೊಬ್ಬನ ಕಸಬು ಅವನ ಕಣ್ಣಾಯಿತು. ಆ ಕೂಟದ ಮುಖ್ಯಸ್ಥಾನದಲ್ಲಿದ್ದ ಅಲ್ಲಮಪ್ರಭುವು ಬಳ್ಳಿಗಾವೆಯವನೇ, ಆಕೆಯ ನೆರೆಯೂರಿನವನು. ಮದ್ದಳೆ ಬಾರಿಸುವದರಲ್ಲಿ ಪ್ರವೀಣನಾಗಿದ್ದು, ಪ್ರಿಯಳಾದವಳ ಮರಣದಿಂದ ಎದೆಯೊಡೆದು, ತರುವಾಯ ಗುರುವನ್ನು ಕಂಡವನೆಂದು ಹರಿಹರನು ಅವನ ಕಥೆಯನ್ನು ಹೇಳುತ್ತಾನೆ.

ನೆರೆಯೂರಿನವನೆಂದು ಅವನು ಆಕೆಗೆ ದಾಕ್ಷಿಣ್ಯ ತೋರಿಸಲಿಲ್ಲ. ಶೂನ್ಯಸಂಪಾದನೆಯೆಂಬ ಗ್ರಂಥವು ಆ ಭೇಟಿಯನ್ನು ಸಂವಾದವಾಗಿ ಜೋಡಿಸಿದೆ. ತುಂಬಿದ ಸಭೆಯಲ್ಲಿ ಅವನು ಆಕೆಯನ್ನು ಕಠಿಣವಾದ ಪ್ರಶ್ನೆಗಳಿಂದ ತಡೆದನು. ಗಂಡನಾರೆಂದು ಕೇಳಿದನು. ಎಲ್ಲವನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಮರೆಮಾಡುವದೇಕೆ, ಇನ್ನೂ ನಾಚಿಕೆಯು ಉಳಿದದೆಯೋ ಎಂದು ಕೇಳಿದನು. ಇದು ನೋಯಿಸುವ ಪ್ರಶ್ನೆ. ಆಕೆಯು ಅಳಲೂ ಇಲ್ಲ, ಕೋಪಿಸಿಕೊಂಡು ಹೊರಗೆ ಹೋಗಲೂ ಇಲ್ಲ. ಒಳಗೆ ಪಕ್ವವಾದ ಹೊರತು ಹೊರಗಿನ ಸಿಪ್ಪೆಯ ಬಣ್ಣ ಕೆಡದ ಹಣ್ಣಿನ ಹೋಲಿಕೆಯನ್ನು ತೆಗೆದುಕೊಂಡು, ತಾನು ಮರೆಮಾಡಿದ್ದು ನೋಡುವವರಿಗೆ ನೋವಾಗದಿರಲೆಂಬ ಕಾರಣದಿಂದಲೇ ಎಂದು ತಿಳಿಸಿದಳು. ಪ್ರಶ್ನೆಯು ಹರಿತವಾದಷ್ಟೂ ಆಕೆಯ ಉತ್ತರವು ಸ್ವಚ್ಛವಾಯಿತು. ಕೊನೆಗೆ ಆ ಸಭೆಯ ಹಿರಿಯರೆಲ್ಲರೂ ತಮಗಿಂತ ಕಿರಿಯಳಾದ ಆಕೆಯನ್ನು ಅಕ್ಕನೆಂದು ಕರೆದರು. ಆ ಹೆಸರೇ ಇಂದಿನ ವರೆಗೂ ನಿಂತಿದೆ.

ನಮ್ಮ ಯೌವನಸ್ಥರು ತಾವು ಬರೆದದ್ದನ್ನು ಯಾರಿಗೆ ತೋರಿಸುತ್ತಾರೆ? ಹೊಗಳುವ ಸ್ನೇಹಿತನಿಗೆ ತೋರಿಸುತ್ತಾರೆ. ಇಲ್ಲವೆ ಯಾರಿಗೂ ತೋರಿಸದೆ ಪೆಟ್ಟಿಗೆಯಲ್ಲಿಡುತ್ತಾರೆ. ಎರಡರಿಂದಲೂ ಕೆಲಸವು ಬೆಳೆಯದು. ಸೊರಬದಲ್ಲಿಯೂ ಸಾಗರದಲ್ಲಿಯೂ ಗುಡಿಗಾರರ ಮನೆಗಳಲ್ಲಿ ಗಂಧವನ್ನು ಕೆತ್ತುವದನ್ನು ನೋಡಿದವರು ಬಲ್ಲರು: ಉಳಿಯು ತಾಗದೆ ಕೊರಡಿನೊಳಗಿಂದ ಹೂಬಳ್ಳಿಯು ಹೊರಗೆ ಬರಲಾರದು, ಉಳಿಯು ಹರಿತವಾಗಿರದಿದ್ದರೆ ಮರವು ಸೀಳಿಹೋಗುವದು. ತಿದ್ದುವವನು ಪಂಡಿತನೇ ಆಗಿರಬೇಕೆಂಬದಿಲ್ಲ. ನಾಲ್ಕು ಮಂದಿ ವಾರಕ್ಕೊಮ್ಮೆ ಒಂದು ದೀಪದ ಸುತ್ತ ಕುಳಿತು, ಒಬ್ಬನು ಓದುವದೂ ಉಳಿದವರು ತಮಗೆ ಎಲ್ಲಿ ಬೇಸರವಾಯಿತು, ಎಲ್ಲಿ ನಂಬಿಕೆ ಬರಲಿಲ್ಲ ಎಂದು ಪ್ರೀತಿಯಿಂದ ಹೇಳುವದೂ ಆದರೆ, ಅದೇ ಅವರ ಮಂಟಪವಾಗುವದು. ಪ್ರಶ್ನೆ ಕೇಳುವವನು ಅಲ್ಲಮನಂತೆ ಸತ್ಯವನ್ನು ಬಯಸುವವನಾಗಿರಲಿ. ಕೇಳಿಸಿಕೊಳ್ಳುವವನು ಅಕ್ಕನಂತೆ ಸ್ಥಿರವಾಗಿ ನಿಲ್ಲಲಿ.

ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನೆಂಬ ಬಡ ಶರಣೆಯಿದ್ದಳು. ಆಕೆಯ ಗಂಡನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಅವರ ಕಾಯಕ. ಒಂದು ದಿನ ಅವನು ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿಯನ್ನು ತರಲು, ಆಕೆಯು ಗದರಿಸಿ ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವದಕ್ಕೆ ಕಳುಹಿಸಿದಳೆಂದು ಹೇಳುತ್ತಾರೆ. ಬರೆಯುವವರ ಮನೆಯಲ್ಲಿ ಇಂಥ ಲಕ್ಕಮ್ಮನೊಬ್ಬಳು ಇರಬೇಕು. ಅಕ್ಕನ ವಚನಗಳಲ್ಲಿ ಹೆಚ್ಚಿನವು ಒಂದು ಅಂಗೈಯಷ್ಟು ಕಾಗದದಲ್ಲಿ ಹಿಡಿಯತಕ್ಕವು. ಆದರೂ ಅವುಗಳಲ್ಲಿ ಒಂದೊಂದು ಪೂರ್ಣ ಕಥೆಯ ಬೀಜವಿದೆ. ನಮಗೆ ಬರುವ ಕಥೆಗಳಲ್ಲಿ ಮೊದಲನೆಯ ಪುಟವು ಸೂರ್ಯೋದಯದ ವರ್ಣನೆಯಿಂದ ತುಂಬಿರುವದುಂಟು. ಆ ಪುಟವನ್ನು ಬೇಕಾದಲ್ಲಿಯೇ ಸುರಿದು ಬಂದರೆ ಕಥೆಗೆ ನಷ್ಟವಾಗದು.

ಕಲ್ಯಾಣದಲ್ಲಿ ಅಕ್ಕನು ಬಹುಕಾಲ ನಿಲ್ಲಲಿಲ್ಲ. ಗೌರವ ದೊರೆತ ಸ್ಥಳದಲ್ಲಿಯೇ ಉಳಿಯಬಹುದಾಗಿತ್ತು. ಆದರೆ ಆಕೆಯು ಹುಡುಕಿ ಹೊರಟದ್ದು ಗೌರವವನ್ನಲ್ಲ. ಶರಣರ ಅಪ್ಪಣೆ ಪಡೆದು ಶ್ರೀಶೈಲದ ಬೆಟ್ಟಗಳ ಕಡೆಗೆ ನಡೆದಳು. ಅಲ್ಲಿಯ ಕದಳಿವನದಲ್ಲಿ ಯೌವನದಲ್ಲಿಯೇ ಆಕೆಯ ಜೀವಮಾನವು ಮುಗಿಯಿತೆಂದು ಪರಂಪರೆಯು ಹೇಳುತ್ತದೆ. 1160ರ ದಶಕದ ಕೊನೆಯಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರೆಲ್ಲರೂ ಚದರಿಹೋದರು. ಅವರ ವಚನಗಳು ತಾಳೆಗರಿಗಳಲ್ಲಿಯೂ ಮಠಗಳ ಗಂಟುಗಳಲ್ಲಿಯೂ ಶತಮಾನಗಳ ವರೆಗೆ ಉಳಿದವು. ಫ. ಗು. ಹಳಕಟ್ಟಿಯವರು ವಕೀಲರಾಗಿದ್ದು ತಮ್ಮ ಗಳಿಕೆಯನ್ನೂ ಆರೋಗ್ಯವನ್ನೂ ಸವೆಸಿ ಆ ಗರಿಗಳನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರಡಿಸಿದರು. 1926ರಲ್ಲಿ ಶಿವಾನುಭವವೆಂಬ ಪತ್ರಿಕೆಯನ್ನು ಆರಂಭಿಸಿದರು. ಇಂದು ಅಕ್ಕನ ಹೆಸರಿನಲ್ಲಿ 400ಕ್ಕೂ ಮಿಕ್ಕಿ ವಚನಗಳು ದೊರೆಯುತ್ತವೆ. ಬರೆದವಳ ಕೈಯಲ್ಲಿ ಒಂದು ಬಟ್ಟೆಯ ತುಂಡೂ ಇರಲಿಲ್ಲ; ಆಕೆಯ ಮಾತು ಎಂಟುನೂರು ವರುಷಗಳನ್ನು ದಾಟಿ ನಮ್ಮ ಮನೆಗೆ ಬಂದಿದೆ.

ಹೀಗೆ ಬಂದದ್ದು ಹೇಗೆಂದು ನಾವು ವಿಚಾರಿಸಿದರೆ, ವಿಷಯ, ಭಾಷೆ, ತಿದ್ದುವಿಕೆ ಎಂಬ ಮೂರರ ಮೇಲೆ ಇನ್ನೊಂದು ಕಾಣುತ್ತದೆ. ಅಕ್ಕನು ತಾನು ನಡೆಯದ ದಾರಿಯ ವಿಷಯವಾಗಿ ನುಡಿಯಲಿಲ್ಲ. ಹಸಿವಿನ ಮಾತನ್ನು ಹಸಿದಿದ್ದು ಆಡಿದಳು. ಬಿಡುವದರ ಮಾತನ್ನು ಬಿಟ್ಟು ಬಂದು ಆಡಿದಳು. ನಾವೆಲ್ಲರೂ ಅಂಥ ದಾರಿಯನ್ನು ಹಿಡಿಯಬೇಕಾಗಿಲ್ಲ, ಆಕೆಯ ನಂಬಿಕೆಯೂ ನಮ್ಮ ನಂಬಿಕೆಯೂ ಒಂದೇ ಅಲ್ಲ. ಆದರೆ ಕಥೆಯು ಕಲ್ಪಿತವಾಗಿದ್ದರೂ ಅದರೊಳಗಿನ ನೋವು ಕಲ್ಪಿತವಾಗಿರಬಾರದೆಂಬದನ್ನು ಆಕೆಯಿಂದ ಕಲಿಯಬಹುದು. ವಿಧವೆಯ ದುಃಖವನ್ನು ಬರೆಯಲಿಚ್ಛಿಸುವವನು ಮೊದಲು ತನ್ನ ಬೀದಿಯ ವಿಧವೆಯ ಜಗಲಿಯ ಮೇಲೆ ಒಂದು ಸಂಜೆ ಕುಳಿತು ಕೇಳಲಿ. ಸಾಲಗಾರನ ಕಥೆಯನ್ನು ಬರೆಯುವವನು ತನ್ನ ಸಾಲವನ್ನು ನೆನಸಲಿ.

ಶಿರಾಳಕೊಪ್ಪದ ಸಂತೆಗೆ ಹೋಗುವ ವಾಚಕರು ಒಂದು ದಿನ ಹೆಚ್ಚು ಹೊತ್ತು ಇಟ್ಟುಕೊಂಡು ಬಳ್ಳಿಗಾವೆಯ ಗುಡಿಗಳನ್ನೂ ಉಡುತಡಿಯನ್ನೂ ನೋಡಿ ಬರಲಿ. ನೋಡಿದ್ದನ್ನು ಮನೆಗೆ ಬಂದು, ಮನೆಯವರೊಡನೆ ಆಡುವ ಮಾತಿನಲ್ಲಿಯೇ, ಹತ್ತು ವಾಕ್ಯಗಳಲ್ಲಿ ಬರೆಯಲಿ. ಮರುದಿನ ಅವುಗಳಲ್ಲಿ ಮೂರನ್ನು ಹೊಡೆದುಹಾಕಿ, ಉಳಿದ ಏಳನ್ನು ಸತ್ಯ ಹೇಳುವ ಸ್ನೇಹಿತನೊಬ್ಬನಿಗೆ ಓದಿ ತೋರಿಸಲಿ. ಹೀಗೆ ಒಂದು ವರುಷ ಮಾಡಿದವನು ನಮಗೆ ಕಳುಹಿಸುವ ಕಥೆಯನ್ನು ನಾವು ಸಂತೋಷದಿಂದ ಓದುವೆವು.